ಸೊಳ್ಳೆ ಸಾಕೋಕೆ ಲಂಡನ್ನಿಗೆ ಹೋಗ್ಬೇಕಿತ್ತಾ?

ರಜೆಗೆ ಬಂದ ದಿನವೇ ಬಸವನಗುಡಿಯ ದೊಡ್ಡಮ್ಮ ಕೇಳಿದರು: "ಅಲ್ವೋ, ಸೊಳ್ಳೆ ಸಾಕೋಕೆ ಲಂಡನ್ನಿಗೆ ಹೋಗ್ಬೇಕಿತ್ತಾ? ನಮ್ಮ ಸಂಪಲ್ಲೇ ಬೇಕಾದಷ್ಟಿದಾವೆ!" ಕೈಯಲ್ಲಿ ಸೊಳ್ಳೆ ಬ್ಯಾಟು. ಚಟ್ ಅಂತ ಒಂದು ಸತ್ತಿತು.

ಸಂಪಿನ ಮಾತು ಸುಳ್ಳಲ್ಲ. ನಮ್ಮ ಊರುಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಗೆ ಸಂಪು, ಓವರ್‌ಹೆಡ್ ಟ್ಯಾಂಕು ಅಂದ್ರೆ ಪ್ರಾಣ. ನಾನು ಸಾಕುವುದು ಅದರ ಆಫ್ರಿಕಾದ ದಾಯಾದಿಯನ್ನು. ಲ್ಯಾಬಿನ ಹೊರಗೆ ಜನವರಿಯ ಚಳಿ, ಒಳಗೆ ಮಂಗಳೂರಿನ ಸೆಕೆ. ಟ್ರೇ ನೀರಲ್ಲಿ ಮರಿಗಳು ಕುಣಿಯುತ್ತಿರುತ್ತವೆ. ಮೈಕ್ರೋಸ್ಕೋಪಿನಡಿ ಕೆಂಪಗೆ ಹೊಳೆದರೆ ಅದರಲ್ಲಿ ಜೀನ್ ಡ್ರೈವ್, ಅಂದರೆ ಇಡೀ ಸಂತತಿಗೆ ಹಬ್ಬುವಂತೆ ತಿದ್ದಿದ ಜೀನು, ಇದೆ ಅಂತ ಲೆಕ್ಕ.

ಮಾಮೂಲಿ ಜೀನು ಹೆಚ್ಚಾಗಿ ಅರ್ಧ ಮಕ್ಕಳಿಗೆ ಹೋಗುತ್ತದೆ. ಇದು ಹೆಚ್ಚುಕಡಿಮೆ ಎಲ್ಲಕ್ಕೂ ಹೋಗುತ್ತದೆ, ತಲೆಮಾರಿನಿಂದ ತಲೆಮಾರಿಗೆ. 2003ರಲ್ಲಿ ವಿಜ್ಞಾನಿ ಆಸ್ಟಿನ್ ಬರ್ಟ್ ಕಾಗದದ ಮೇಲೆ ಬರೆದದ್ದು 2018ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪಂಜರದಲ್ಲಿ ನಡೆದೇ ಹೋಯಿತು. ಅಪ್ಪ ಅಮ್ಮ ಎರಡೂ ಕಡೆಯಿಂದ ಆ ಜೀನು ಬಂದ ಹೆಣ್ಣಿಗೆ ಕಚ್ಚೋಕೂ ಬರಲಿಲ್ಲ, ಮೊಟ್ಟೆ ಇಡೋಕೂ ಬರಲಿಲ್ಲ. 7ರಿಂದ 11 ತಲೆಮಾರಿನೊಳಗೆ ಸಂಸಾರವೇ ಖಾಲಿ.

"ಇವನ್ನ ಹೊರಗೆ ಬಿಟ್ಟ ಮೇಲೆ ವಾಪಸ್ ಕರೆಯೋಕಾಗತ್ತಾ?"

"ಇಲ್ಲ ದೊಡ್ಡಮ್ಮ."

"ಮತ್ತೆ ಯಾರನ್ನ ಕೇಳಿ ಬಿಡ್ತೀರ?"

ಕಾಫಿ ಲೋಟ ಕೆಳಗಿಟ್ಟೆ. ಮೀಟಿಂಗುಗಳಲ್ಲಿ ಇದಕ್ಕೆ ಸ್ಲೈಡು ಸ್ಲೈಡು ಉತ್ತರ ಕೊಟ್ಟಿದ್ದೇನೆ, ಇಲ್ಲಿ ಬಾಯಿ ಬರಲಿಲ್ಲ. ನಮ್ಮ ದೇಶದಲ್ಲೇ ಒಮ್ಮೆ ಇಂಥ ಪ್ರಶ್ನೆ ಎದ್ದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ದೆಹಲಿಯಲ್ಲಿ ನಡೆದಿದ್ದ ಸೊಳ್ಳೆ ಸಂಶೋಧನಾ ಘಟಕವನ್ನು 1975ರಲ್ಲಿ ಮುಚ್ಚಬೇಕಾಯಿತು. ಇದು ಜೈವಿಕ ಅಸ್ತ್ರದ ತಯಾರಿ ಅಂತ ಪತ್ರಿಕೆಗಳಲ್ಲಿ ಗುಲ್ಲೆದ್ದಿತ್ತು. ಹರಿಯಾಣದ ಸೋನಿಪತ್‌ನಲ್ಲಿ ಬಿಡಬೇಕಿದ್ದ ಸೊಳ್ಳೆಗಳು ಹೊರಗೆ ಬರಲೇ ಇಲ್ಲ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಬಾನಾ ಹಳ್ಳಿಯಲ್ಲಿ 2019ರಲ್ಲಿ ಬಿಟ್ಟಿದ್ದು ಬರೀ ಸಂತಾನವಾಗದ ಗಂಡು ಸೊಳ್ಳೆ, ಡ್ರೈವ್ ಇರಲೇ ಇಲ್ಲ. ಊರವರ ಜೊತೆ ವರ್ಷಗಟ್ಟಲೆ ಮಾತಾಡಿಯೇ ಬಿಟ್ಟಿದ್ದರು. ಆದರೂ 2025ರಲ್ಲಿ ಅಲ್ಲಿನ ಸರ್ಕಾರ ಆ ಕೆಲಸವನ್ನೇ ನಿಲ್ಲಿಸಿತು.

ಬೇಜಾರಾಯಿತು, ನಿಜ. ಆದರೆ ನನ್ನನ್ನು ಜಾಸ್ತಿ ಕಾಡುವುದು ಬೇರೆ. ನಮ್ಮ ಸೊಳ್ಳೆ ತಪ್ಪಿಸಿಕೊಂಡರೂ ಲಂಡನ್ ಚಳಿಗೆ ಬದುಕಲ್ಲ ಅನ್ನೋದೇ ನಮ್ಮ ದೊಡ್ಡ ಧೈರ್ಯ. ಅಂದರೆ ಕೂತು ತೀರ್ಮಾನ ಮಾಡುವ ಊರಿಗೆ ಕಡಿತವೂ ಇಲ್ಲ, ಅಪಾಯವೂ ಇಲ್ಲ.

"ಸರಿ ಬಿಡು. ಮೊದ್ಲು ಹೋಗಿ ಸಂಪಿನ ಮುಚ್ಚಳ ಸರಿ ಮಾಡು" ಅಂದರು ದೊಡ್ಡಮ್ಮ.

ಮುಚ್ಚಳದ ಮೂಲೆ ಒಡೆದಿತ್ತು. ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಮನೆ ಸೊಳ್ಳೆಯ ಮರಿಯಾದರೆ ತಲೆಕೆಳಗಾಗಿ ಜೋತಾಡುತ್ತದೆ. ಇವು ನೀರಿನ ಮೇಲೆ ಅಡ್ಡಡ್ಡ ಮಲಗಿದ್ದವು. ಅನಾಫಿಲಿಸ್.