ಹಿಂದಿನಿಂದ ಬಂದ ದನಿ

ಮೈಸೂರಿನ ಆ ಮನೆಯಲ್ಲಿ ಅಜ್ಜಿಯ ಎಂಬತ್ತರ ಶಾಂತಿ. ಸಂಜೆ ಅವರು ಎರಡು ದೇವರನಾಮ ಹಾಡಬೇಕು, ದನಿ ಹಾಲಿನ ಹೋಮ್ ಥಿಯೇಟರಿನಲ್ಲಿ ಬರಬೇಕು. ಆ ಜೋಡಣೆಗೆ ಕಚೇರಿಯಿಂದ ಹೋದವನು ನಾನು. ಮನೆಯವರು ಸ್ಪೀಕರುಗಳನ್ನು ನಡೆಸುವ ಪೆಟ್ಟಿಗೆಯ, ಅಂದರೆ ರಿಸೀವರಿನ, ಮುಂಭಾಗದ ‘ಮೈಕ್’ ಕಿಂಡಿಯನ್ನು ತೋರಿಸಿದರು. ಅದು ಕೋಣೆಯ ಅಳತೆ ತೆಗೆಯುವ ಮೈಕಿಗೆ ಮಾತ್ರ. ಹಾಡುವ ಮೈಕಿನಿಂದ ಹೊರಡುವುದು ಕೆಲವೇ ಮಿಲಿವೋಲ್ಟ್. ಹೊರಗಿನ ಸಾಧನ ಜೋಡಿಸುವ ಆಕ್ಸ್ ಇನ್‌ಪುಟ್ಟಿಗೆ ಸುಮಾರು 200 ಬೇಕು. ಅದಕ್ಕೇ ಮೈಕಿನ ಸಿಗ್ನಲ್ ಏರಿಸಿಕೊಡುವ ಸಣ್ಣ ಮಿಕ್ಸರ್ ಒಯ್ದಿದ್ದೆ. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಾಗಿತ್ತು.

ಮಿಕ್ಸರಿನ ಮೇನ್ ಔಟ್ ಬ್ಯಾಲೆನ್ಸ್ಡ್, ಅಂದರೆ ಒಂದೇ ಸಿಗ್ನಲ್ಲನ್ನು ಎರಡು ತಂತಿಗಳಲ್ಲಿ ಕಳಿಸುವ ಬಗೆಯದು. ಚೀಲದಲ್ಲಿದ್ದದ್ದು ಸ್ಟೀರಿಯೊ ಪಿ-38ನಿಂದ (ಕಾಲಂಗುಲದ ದಪ್ಪ ಪ್ಲಗ್) ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಆರ್‌ಸಿಎ ಪ್ಲಗ್ಗುಗಳಿಗೆ ಒಡೆಯುವ ಒಂದೇ ಕೇಬಲ್. ಚುಚ್ಚಿದೆ. ಮೀಟರ್ ಏರಿತು, ಎಲ್ಲಿಂದಲೋ ದನಿಯೂ ಬಂತು, ಬೇರೆ ಕೆಲಸಕ್ಕೆ ಹೊರಳಿದೆ. ಹಾಲಿನ ನಡುವೆ ನಿಂತು ಒಮ್ಮೆಯೂ ಕಿವಿಗೊಡಲಿಲ್ಲ.

ಅಜ್ಜಿ ಶ್ರುತಿ ಹಿಡಿದರು. ಕುಳಿತಿದ್ದದ್ದು ಟೀವಿಯ ಪಕ್ಕ. ದನಿ ಮಾತ್ರ ನೆಂಟರ ಬೆನ್ನ ಹಿಂದಿನ ಸರೌಂಡ್ ಸ್ಪೀಕರುಗಳಿಂದ. ಎಲ್ಲರೂ ತಿರುಗಿ ನೋಡಿದರು. ಮುಂದೆ ನಡುವಿನಲ್ಲಿರುವ ಸೆಂಟರ್ ಸ್ಪೀಕರ್ ಮೌನವಾಗಿತ್ತು. ಅದೇ ಕೆಟ್ಟಿದೆ ಎಂದುಕೊಂಡು ತಂತಿ ಬಿಚ್ಚಿ ಮತ್ತೆ ಕಟ್ಟಿದೆ. ಟೆಸ್ಟ್ ಟೋನಿಗೆ ಸೆಂಟರ್ ಚೆನ್ನಾಗಿಯೇ ನುಡಿಯಿತು. ಆಗಲಾದರೂ ಕೇಬಲ್ ಕಡೆ ನೋಡಬೇಕಿತ್ತು. ನಾನು ಮಿಕ್ಸರಿನಲ್ಲಿ ಮೈಕಿನ ಗೇನ್ ಏರಿಸಿದೆ. ಕಿವಿ ಸೀಳುವಂತೆ ಹೌಲಿಂಗ್ ಎದ್ದು ಮಗುವೊಂದು ಬೆಚ್ಚಿ ಅತ್ತಿತು. “ಬಿಡಪ್ಪಾ, ಮೈಕು ಬೇಡ” ಎಂದು ಅಜ್ಜಿ ಹಾಗೆಯೇ ಹಾಡತೊಡಗಿದರು. ಹಿಂದಿನ ಸಾಲಿಗೆ ತುಟಿ ಅಲುಗುವುದಷ್ಟೇ ಕಂಡಿತು.

ಪಲ್ಲವಿ ಮತ್ತೆ ಬರುವ ಹೊತ್ತಿಗೆ ಹೊಳೆಯಿತು. ಬ್ಯಾಲೆನ್ಸ್ಡ್ ಔಟಿನಲ್ಲಿ ಪ್ಲಗ್ಗಿನ ತುದಿಯ (ಟಿಪ್) ಸಿಗ್ನಲ್ಲೇ ಅದರ ಹಿಂದಿನ ಉಂಗುರದಲ್ಲಿ (ರಿಂಗ್) ತಲೆಕೆಳಗಾಗಿ ಹರಿಯುತ್ತದೆ. ನನ್ನ ಕೇಬಲ್ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕೊಟ್ಟಿತ್ತು. ರಿಸೀವರ್ ಇದ್ದದ್ದು ಎಡಬಲಗಳ ದನಿಯನ್ನು ಸುತ್ತಲಿನ ಸ್ಪೀಕರುಗಳಿಗೆ ಹಂಚುವ ಪ್ರೊ ಲಾಜಿಕ್‌ನಲ್ಲಿ. ಎಡಬಲಗಳಲ್ಲಿ ಒಂದೇ ಆಗಿರುವುದನ್ನು ಅದು ಸೆಂಟರಿಗೆ ಕಳಿಸುತ್ತದೆ, ಫೇಸ್ ತಿರುಗಿದ್ದನ್ನು, ಅಂದರೆ ಒಂದಕ್ಕೊಂದು ತಲೆಕೆಳಗಾದದ್ದನ್ನು, ಹಿಂದಕ್ಕೆ. ಕೆಟ್ಟದ್ದು ಏನೂ ಇರಲಿಲ್ಲ. ಗೇನ್ ಇಳಿಸಿ ಬಲಗಡೆಯ ಆರ್‌ಸಿಎ ಕಿತ್ತೆ. ಎರಡನೆಯ ದೇವರನಾಮ ಎಡ ಸ್ಪೀಕರಿನಲ್ಲಷ್ಟೇ ಆದರೂ ಸ್ವಚ್ಛವಾಗಿ ಬಂತು.

ರಿಂಗ್ ಇಲ್ಲದ ಮೊನೊ ಪಿ-38 ಕೇಬಲ್ ಬೇಕೆಂದು ಕಚೇರಿಗೆ ಮೂರು ಬಾರಿ ಬರೆದುಕೊಟ್ಟಿದ್ದೆ. ಇನ್ನೂರು ರೂಪಾಯಿಯ ವಸ್ತುವಿಗೆ ಮೂರು ಸಹಿ ಬೇಕು ಎನ್ನುವವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಮಧ್ಯಾಹ್ನವೇ ಒಂದು ನಿಮಿಷ ಕೇಳಿಸಿಕೊಂಡಿದ್ದರೆ ಪೇಟೆಗೆ ಹೋಗಿ ನಾನೇ ತರಬಹುದಿತ್ತು.

ಮೊಮ್ಮಗಳು ಹಿಂದಿನ ಸಾಲಿನಿಂದ ಮೊಬೈಲಿನಲ್ಲಿ ಎರಡೂ ಹಾಡುಗಳನ್ನು ಹಿಡಿದಿದ್ದಳು. ಮರುದಿನ ಕಳಿಸಿದಳು. ಮೊದಲನೆಯದರಲ್ಲಿ ಫ್ಯಾನಿನ ಸದ್ದೇ ಹೆಚ್ಚು.