ಲ್ಯಾಂಕಾಸ್ಟರಿನ ಚರ್ಚಿನಲ್ಲಿ ಸೂಜಿ ಹಿಡಿದವರು

ಶಿರಸಿಯಿಂದ ಕಾರವಾರಕ್ಕೆ ಎಷ್ಟು ದೂರವೋ, ಫಿಲಡೆಲ್ಫಿಯಾದಿಂದ ನಾವಿರುವ ಲ್ಯಾಂಕಾಸ್ಟರಿಗೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈ ಊರಿನ ಸುತ್ತ ಮೆಕ್ಕೆಜೋಳದ ಹೊಲ, ದನದ ಕೊಟ್ಟಿಗೆ, ಕುದುರೆ ಗಾಡಿಯಲ್ಲಿ ಓಡಾಡುವ ಆಮಿಶ್ ಜನ. ಊರಿನಿಂದ ಯಾರಾದರೂ ಬಂದರೆ ನಾವು ಮೊದಲು ತೋರಿಸುವುದೂ ಅದನ್ನೇ. ಆದರೆ ಇಲ್ಲಿ ಇನ್ನೊಂದು ಲೋಕವೂ ಇದೆ. ಭೂತಾನಿನಿಂದ ಹೊರಬಿದ್ದ ನೇಪಾಳಿ ಮಾತಿನವರು, ಬರ್ಮಾದವರು, ಕಾಂಗೋ, ಸಿರಿಯಾ, ಸೊಮಾಲಿಯಾ, ಅಫ್ಘಾನಿಸ್ತಾನದವರು ಈ ಪುಟ್ಟ ಊರಿನಲ್ಲಿ ನೆಲೆ ನಿಂತಿದ್ದಾರೆ.

ಗುರುವಾರ ಬೆಳಿಗ್ಗೆ ನಾನು ಹೋಗುವುದು ಇಲ್ಲಿಯ ಒಂದು ಚರ್ಚಿನ ನೆಲಮಾಳಿಗೆಗೆ. ಮೆನೊನೈಟ್ ಪಂಥದವರು ನಡೆಸುವ ಸಣ್ಣ ಸಂಸ್ಥೆ ಅದು. ನಿರಾಶ್ರಿತ ಹೆಂಗಸರು ಅಲ್ಲಿ ಹೊಲಿಯುತ್ತಾರೆ, ನೇಯುತ್ತಾರೆ, ಹೆಣೆಯುತ್ತಾರೆ. ಮಾಡಿದ್ದನ್ನು ಸಂಸ್ಥೆ ಮಾರಿಕೊಡುತ್ತದೆ. ಮೆನೊನೈಟರು ಯುದ್ಧಕ್ಕೆ ಹೋಗಬಾರದು, ಆಯುಧ ಹಿಡಿಯಬಾರದು ಎಂದು ನಂಬಿದ ಕ್ರೈಸ್ತರು. ಯುರೋಪಿನಲ್ಲಿ ಹಿಂಸೆ ತಾಳಲಾರದೆ ಊರು ಬಿಟ್ಟವರು. ಅವರ ಮೊದಲ ಗುಂಪು ಲ್ಯಾಂಕಾಸ್ಟರಿನ ಸುತ್ತ ನೆಲೆಸಿದ್ದು 1710ರಲ್ಲಿ. ಮುನ್ನೂರು ವರ್ಷ ಕಳೆದರೂ ಆ ನೆನಪನ್ನು ಅವರು ಬಿಟ್ಟಿಲ್ಲ.

ನನ್ನನ್ನು ಕರೆದದ್ದು ಹಿಂದಿ ಬರುತ್ತದೆ ಅಂತ. ಭೂತಾನಿನ ಹೆಂಗಸರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಚರ್ಚಿನವರಿಗೆ ನೇಪಾಳಿ ಬಾರದು. ಈ ಹೆಂಗಸರೋ ಹಿಂದಿ ಸಿನಿಮಾ ನೋಡಿ ನೋಡಿಯೇ ಹಿಂದಿ ಕಲಿತವರು. 1990ರ ಆಸುಪಾಸಿನಲ್ಲಿ ಭೂತಾನ್ ಬಿಟ್ಟು, ಪೂರ್ವ ನೇಪಾಳದ ಶಿಬಿರಗಳ ಬಿದಿರಿನ ಗುಡಿಸಲುಗಳಲ್ಲಿ ಹದಿನೈದು-ಇಪ್ಪತ್ತು ವರ್ಷ ಕಳೆದವರು. 2007ರಿಂದ ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬೇರೆ ದೇಶಗಳಿಗೆ ಕಳಿಸಿದರು. ಬಹುಪಾಲು ಬಂದದ್ದು ಅಮೆರಿಕಕ್ಕೆ.

ಇಲ್ಲಿ ಇಳಿದ ಮೇಲೆ ಎಲ್ಲ ಪುಕ್ಕಟೆ ಸಿಗುತ್ತದೆ ಎಂದು ಊರಿನಲ್ಲಿ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಬಂದ ವಿಮಾನದ ಟಿಕೆಟ್ಟೇ ಸಾಲ. ಮನೆ ಹುಡುಕುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ಕಾಗದಪತ್ರ ಮಾಡಿಸುವುದು ಇಂಥದ್ದಕ್ಕೆಲ್ಲ ಮೊದಲ 90 ದಿನ ಸಹಾಯವಿರುತ್ತದೆ. ಅದು ಮುಗಿಯುವುದರೊಳಗೆ ದುಡಿಮೆ ಶುರುವಾಗಬೇಕು. ಗಂಡಸರು ಗೋಡೌನಿಗೋ ಕೋಳಿ ಮಾಂಸದ ಕಾರ್ಖಾನೆಗೋ ಹೋಗುತ್ತಾರೆ. ಸಣ್ಣ ಮಕ್ಕಳಿರುವ ಹೆಂಗಸರು, ವಯಸ್ಸಾದವರು, ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ನಾಲ್ಕು ಗೋಡೆಯ ಮಧ್ಯೆ ಕೂರುತ್ತಾರೆ. ಹೊರಗೆ ಹಿಮ, ಬಸ್ಸಿನ ನಂಬರ್ ಓದಲು ಬಾರದು, ಪಕ್ಕದ ಮನೆಯವರ ಮಾತು ತಿಳಿಯದು.

ಈ ಸಂಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಪದ್ಧತಿ. ಹೊಸಬರು ಬಂದ ದಿನ ಯಾರೂ ಅವರಿಗೆ ಏನನ್ನೂ ಕಲಿಸುವುದಿಲ್ಲ. ಮೇಜಿನ ಮೇಲೆ ಬಟ್ಟೆ, ನೂಲು, ಉಣ್ಣೆ, ಸೂಜಿ, ಕತ್ತರಿ ಹರಡಿ, ನಿಮಗೆ ಏನು ಬರುತ್ತದೆ ಎಂದು ಕೇಳುತ್ತಾರೆ. ಕೆಲವರು ಮಾತೇ ಆಡದೆ ಸೂಜಿಗೆ ದಾರ ಪೋಣಿಸುತ್ತಾರೆ.

ಬರ್ಮಾದ ಕರೆನ್ ಜನಾಂಗದ ಒಬ್ಬ ಅಜ್ಜಿಗೆ ಹೊಲಿಗೆ ಯಂತ್ರ ತೋರಿಸಿದರೆ ಬೇಡ ಎಂದು ಕೈಯಾಡಿಸಿದರು. ಮಾರನೇ ವಾರ ಚೀಲದಲ್ಲಿ ನಾಲ್ಕೈದು ಕೋಲು, ಒಂದು ಅಗಲದ ಪಟ್ಟಿ ತಂದರು. ನೂಲಿನ ಹಾಸಿನ ಒಂದು ತುದಿಯನ್ನು ನೆಲಮಾಳಿಗೆಯ ಕಂಬಕ್ಕೆ ಕಟ್ಟಿದರು. ಇನ್ನೊಂದು ತುದಿ ಅವರ ಸೊಂಟದ ಹಿಂದೆ ಹಾಯ್ದ ಪಟ್ಟಿಗೆ. ಕಾಲು ಚಾಚಿ ನೆಲದ ಮೇಲೆ ಕೂತರು. ಹಿಂದಕ್ಕೆ ವಾಲಿದರೆ ನೂಲು ಬಿಗಿ, ಮುಂದೆ ಬಾಗಿದರೆ ಸಡಿಲ. ಮಗ್ಗ ಅಂದರೆ ಅಷ್ಟೇ, ಮೈಯೇ ಅರ್ಧ ಮಗ್ಗ. ಕೆಂಪು ಬಟ್ಟೆ ಬೆರಳಗಲ ಬೆರಳಗಲವಾಗಿ ಬೆಳೆಯುತ್ತಾ ಬಂತು. ಮನೆಗೆ ಹೊರಡುವಾಗ ಅರ್ಧ ನೇಯ್ದ ಬಟ್ಟೆಯನ್ನು ಕೋಲುಗಳ ಸಮೇತ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದರು. ಈಗ ಆ ಕಂಬ ಅವರದೇ. ಬೇರೆಯವರು ಅಲ್ಲಿ ಕುರ್ಚಿ ಇಡುವುದಿಲ್ಲ.

ಕಂದಹಾರದ ಒಬ್ಬ ಅಕ್ಕ ಖಾಮಕ್ ಎಂಬ ಕಸೂತಿ ಹಾಕುತ್ತಾರೆ. ಬಟ್ಟೆಯ ಎಳೆ ಎಣಿಸಿ ಹಾಕುವ, ಕಣ್ಣು ಸೋಲಿಸುವ ಕೆಲಸ. ಬೇರೆಯವರ ಕಸೂತಿ ಕೈಗೆ ಕೊಟ್ಟರೆ ಅವರು ಮೊದಲು ತಿರುಗಿಸಿ ಹಿಂಭಾಗ ನೋಡುತ್ತಾರೆ. ಗಂಟು ಕಂಡಿತೋ, ಬಿಚ್ಚು ಎನ್ನುತ್ತಾರೆ. ಅವರಿಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಬರುವ ಮಾತುಗಳಲ್ಲಿ ಅದೂ ಒಂದು.

ಇನ್ನು ದುಡ್ಡಿನ ವಿಷಯ. ಇದನ್ನು ಮುಚ್ಚಿಟ್ಟು ಬರೆದರೆ ಪ್ರಯೋಜನವಿಲ್ಲ. ಒಂದು ಕಸೂತಿ ಚೀಲಕ್ಕೆ ಆರು ಗಂಟೆ ಹಿಡಿಯಿತು ಅಂತಿಟ್ಟುಕೊಳ್ಳಿ. ಅದನ್ನು 30 ಡಾಲರಿಗೆ ಮಾರಿ, ಬಟ್ಟೆ-ದಾರಕ್ಕೆ 6 ಡಾಲರ್ ಕಳೆದರೆ ಗಂಟೆಗೆ ಸಿಗುವುದು 4 ಡಾಲರ್. ಈ ರಾಜ್ಯದ ಕನಿಷ್ಠ ಕೂಲಿಯೇ ಗಂಟೆಗೆ 7.25 ಡಾಲರ್. ಹಾಗಾಗಿ ನಮ್ಮ ಗುಂಪಿನಲ್ಲಿ ಬೆಲೆ ಕಟ್ಟುವಾಗ ಮೊದಲು ಗಂಟೆ ಬರೆಯುತ್ತೇವೆ, ಆಮೇಲೆ ಬೆಲೆ. ಅದಕ್ಕೇ ಆ ಚೀಲದ ಬೆಲೆ 30 ಅಲ್ಲ, 55. ಜಾಸ್ತಿಯಾಯಿತು ಎನ್ನುವವರಿದ್ದಾರೆ, ಎನ್ನಲಿ. ಆದರೂ ಇದರಿಂದಲೇ ಸಂಸಾರ ನಡೆಯುವುದಿಲ್ಲ. ಬಾಡಿಗೆಯ ಒಂದು ಪಾಲು, ಮಕ್ಕಳ ಶೂ, ಊರಲ್ಲಿ ಉಳಿದ ಅಮ್ಮನಿಗೆ ಒಂದಿಷ್ಟು, ಅಷ್ಟಾಗುತ್ತದೆ. ಆದರೆ ಚೆಕ್ ಅವರ ಹೆಸರಿಗೇ ಬರುತ್ತದೆ. ಆ ಚೆಕ್ಕಿಗಾಗಿ ಬ್ಯಾಂಕ್ ಖಾತೆ ತೆರೆಯಬೇಕು, ಸಹಿ ಕಲಿಯಬೇಕು, ಬಸ್ ಹಿಡಿದು ಹೋಗಬೇಕು. ಇಂಗ್ಲಿಷ್ ಕ್ಲಾಸಿಗೆ ಬಾರದವರೂ ಹೀಗೆ ಇಂಗ್ಲಿಷ್ ಕಲಿತಿದ್ದಾರೆ.

ಕರಕುಶಲ ವಸ್ತುಗಳನ್ನು ನ್ಯಾಯವಾದ ಬೆಲೆಗೆ ಮಾರುವ ಈ ರೂಢಿಯ ಒಂದು ಬೇರು ಇರುವುದೇ ಈ ಲ್ಯಾಂಕಾಸ್ಟರ್ ಜಿಲ್ಲೆಯಲ್ಲಿ. ಎಡ್ನಾ ರೂತ್ ಬೈಲರ್ ಎಂಬ ಮೆನೊನೈಟ್ ಮಹಿಳೆ ಇದ್ದದ್ದು ಇಲ್ಲಿಗೆ ಹತ್ತಿರದ ಆಕ್ರನ್ ಎಂಬ ಸಣ್ಣ ಊರಿನಲ್ಲಿ. 1946ರಲ್ಲಿ ಪೋರ್ಟೊ ರಿಕೊಗೆ ಹೋದಾಗ ಅಲ್ಲಿನ ಬಡ ಹೆಂಗಸರ ಕಸೂತಿ ನೋಡಿ, ಕೊಂಡು ತಂದು, ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಮಾರತೊಡಗಿದರು. ಮುಂದೆ ಪ್ಯಾಲೆಸ್ತೀನಿ ನಿರಾಶ್ರಿತ ಹೆಂಗಸರ ಕಸೂತಿಯನ್ನೂ ಸೇರಿಸಿಕೊಂಡರು. ಅದೇ ಬೆಳೆದು 1996ರಲ್ಲಿ ‘ಟೆನ್ ಥೌಸಂಡ್ ವಿಲೇಜಸ್’ ಎಂಬ ಹೆಸರು ಪಡೆಯಿತು. ಭಾರತ ಇರುವುದು ಹಳ್ಳಿಗಳಲ್ಲಿ ಎಂಬ ಗಾಂಧೀಜಿಯವರ ಮಾತು ಆ ಹೆಸರಿಗೆ ಪ್ರೇರಣೆಯಂತೆ.

ಇದೇ ಜಿಲ್ಲೆಯಲ್ಲಿ ಇನ್ನೊಂದು ಕಥೆಯೂ ನಡೆಯಿತು. ಅದನ್ನು ಕೇಳಿದ ಮೇಲೆ ನನಗೆ ಬೇಜಾರು ಹೋಗಿಲ್ಲ. 1975ರ ನಂತರ ಲಾವೋಸಿನಿಂದ ಓಡಿದ ಹ್ಮಾಂಗ್ ಜನ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದರು. ನದಿ ದಾಟಿದ್ದು, ಸೈನಿಕರು ಬೆನ್ನಟ್ಟಿದ್ದು ಎಲ್ಲವನ್ನೂ ಅಲ್ಲಿನ ಹೆಂಗಸರು ಬಟ್ಟೆಯ ಮೇಲೆ ಕಸೂತಿಯಲ್ಲಿ ಬಿಡಿಸಿ ಮಾರುತ್ತಿದ್ದರು. ಅವರಲ್ಲಿ ಕೆಲವರು ಲ್ಯಾಂಕಾಸ್ಟರ್ ಕಡೆಗೆ ಬಂದರು. ಬಟ್ಟೆಯನ್ನು ಹೂವಿನಂತೆ ಕತ್ತರಿಸಿ, ಅಂಚು ಮಡಚಿ, ಇನ್ನೊಂದು ಬಟ್ಟೆಯ ಮೇಲೆ ಕಾಣದಂತೆ ಹೊಲಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. 1980ರ ದಶಕದಲ್ಲಿ ಪ್ರವಾಸಿಗರು ಆಮಿಶ್ ಕೌದಿಗಾಗಿ ಮುಗಿಬಿದ್ದಾಗ, ಅಂಗಡಿಗಳಿಗೆ ಈ ಹೆಂಗಸರೂ ಹೊಲಿದು ಕೊಟ್ಟರು. ಕೌದಿ ಮಾರಾಟವಾದದ್ದು ಆಮಿಶ್ ಹೆಸರಿನಲ್ಲಿ. ಹೊಲಿದವರು ಹ್ಮಾಂಗ್ ಎಂದು ಕೊಂಡ ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ಕೂಲಿ ಸಿಕ್ಕಿತಲ್ಲ, ಸಾಲದೇ ಎನ್ನಬಹುದು. ಸಾಲದು. ಮನೆ, ಊರು, ದೇಶ ಎಲ್ಲ ಕಳೆದುಕೊಂಡವರಿಗೆ ಉಳಿದದ್ದು ಕೈಯಲ್ಲಿರುವ ವಿದ್ಯೆ ಒಂದೇ. ಅದರ ಮೇಲಿನ ಹೆಸರನ್ನೂ ತೆಗೆದರೆ ಹೇಗೆ? ನಮ್ಮ ಗುಂಪಿನಲ್ಲಿ ಪ್ರತಿ ವಸ್ತುವಿಗೂ ಒಂದು ಚೀಟಿ ಕಟ್ಟುತ್ತೇವೆ. ಒಪ್ಪಿದವರ ಹೆಸರು, ಅವರ ನಾಡು, ಕೆಲಸದ ಹೆಸರು ಅದರಲ್ಲಿರುತ್ತದೆ. ಕಣ್ಣೀರಿನ ಕಥೆ ಇರುವುದಿಲ್ಲ. ಕೊಳ್ಳುವವರು ಕನಿಕರ ನೋಡಿ ಕೊಳ್ಳುವುದು ಬೇಡ, ಕೆಲಸ ನೋಡಿ ಕೊಳ್ಳಲಿ ಎಂಬುದು ಅಲ್ಲಿನ ಹೆಂಗಸರೇ ಮಾಡಿದ ತೀರ್ಮಾನ.

ಊರಿಗೆ ಫೋನ್ ಮಾಡಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, ಚರ್ಚಿನವರು ಅಂದಮೇಲೆ ಮತಾಂತರ ಮಾಡ್ತಾರಾ ಅಂತ. ಕೇಳುವುದು ತಪ್ಪಲ್ಲ. ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಆ ಹಣವನ್ನು ಧರ್ಮಪ್ರಚಾರಕ್ಕೆ ಬಳಸುವಂತಿಲ್ಲ ಎಂದು ಕಾನೂನೇ ಇದೆ. ನಮ್ಮದು ದೇಣಿಗೆಯಿಂದ ನಡೆಯುವ ಗುಂಪು. ಊಟಕ್ಕೆ ಮೊದಲು ಚರ್ಚಿನವರು ಕಣ್ಣುಮುಚ್ಚಿ ಪ್ರಾರ್ಥನೆ ಮಾಡುತ್ತಾರೆ, ಉಳಿದವರು ಸುಮ್ನೆ ಕೂತಿರುತ್ತಾರೆ. ಅಫ್ಘನ್ ಹೆಂಗಸರ ನಮಾಜಿಗೆ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದಾರೆ. ನೇಪಾಳಿಗಳ ದಸರಾ ಹಬ್ಬವಾದ ದಸೈಂ ಬಂದರೆ ಭೂತಾನಿನ ಅಮ್ಮಂದಿರು ನಮ್ಮೆಲ್ಲರ ಹಣೆಗೆ ಅಕ್ಷತೆಯ ಟೀಕಾ ಇಡುತ್ತಾರೆ, ಪಾದ್ರಿಯವರಿಗೂ. ಎಲ್ಲ ಕಡೆ ಹೀಗೇ ಇದೆ ಎಂದು ನಾನು ಹೇಳುವುದಿಲ್ಲ. ಇಲ್ಲಿ ಹೀಗಿದೆ.

ಆಯಿಗೆ ಈ ಹೆಂಗಸರ ಫೋಟೊ ಕಳಿಸಿದ್ದೆ. “ಕೂಸೇ, ಅವಕ್ಕೆ ಸ್ವಂತ ಮನೆ ಇದ್ದಾ ಈಗ?” ಎಂದು ಮೊದಲು ಕೇಳಿದಳು. ನನ್ನ ಅತ್ತೆಯವರ ತವರು ಕಾರವಾರದ ಕಡೆ. ಅವರ ತವರುಮನೆ, ತೆಂಗಿನ ತೋಟ ಎರಡೂ ಸೀಬರ್ಡ್ ನೌಕಾನೆಲೆಗೆ ಹೋದವು. ಅವರು ಫೋಟೊ ನೋಡಿ, “ಜಾಗ ಹೋದವ್ರಿಗೆ ಮೊದಲು ಕೈಗೆ ಕೆಲಸ ಬೇಕು. ಇಲ್ಲದಿದ್ರೆ ತಲೆ ಕೆಡ್ತದೆ” ಎಂದರು. ಅವರ ಅಮ್ಮ ಹೊಸ ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಬೆಳಗೆದ್ದು ಸುಮ್ಮನೆ ಹೊಸ್ತಿಲಲ್ಲಿ ಕೂರುತ್ತಿದ್ದರಂತೆ.

ನಿರಾಶ್ರಿತರು ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಹೊಸಬರೇನಲ್ಲ. ಮುಂಡಗೋಡಿನಲ್ಲಿ ಟಿಬೆಟಿಯನ್ ಕಾಲೊನಿ ಆದದ್ದು 1966ರಲ್ಲಿ. ಅಲ್ಲಿಯೂ ಹೆಂಗಸರು ಉಣ್ಣೆಯ ಜಮಖಾನೆ ನೇಯ್ದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ನಾವೆಲ್ಲ ಆ ಸ್ವೆಟರ್ ಹಾಕಿ ಬೆಳೆದವರೇ. ಮಾರಿದವರ ಜೊತೆ ಚೌಕಾಸಿ ಬಿಟ್ಟು ಬೇರೆ ಮಾತಾಡಿದವರು ಎಷ್ಟು ಜನ? ಗ್ರಾಮೀಣ ಅಭಿವೃದ್ಧಿಗೆ ಹೆಸರಾದ ಮೈರಾಡಾ ಸಂಸ್ಥೆ 1968ರಲ್ಲಿ ಶುರುವಾದದ್ದು ಕೂಡ ಈ ಟಿಬೆಟಿಯನ್ನರ ಪುನರ್ವಸತಿಗಾಗಿಯೇ.

ಇಲ್ಲೀಗ ಕಾಲ ಚೆನ್ನಾಗಿಲ್ಲ. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ನಿರಾಶ್ರಿತರನ್ನು ಕರೆಸಿಕೊಳ್ಳುವ ಕಾರ್ಯಕ್ರಮವನ್ನು ತಡೆಹಿಡಿಯಿತು. ಅನುದಾನ ನಂಬಿದ್ದ ದೊಡ್ಡ ಸಂಸ್ಥೆಗಳು ಜನರನ್ನು ಕೆಲಸದಿಂದ ತೆಗೆಯಬೇಕಾಯಿತು. ನಮ್ಮ ಗುಂಪಿನ ಕಾಂಗೋದ ಒಬ್ಬ ತಾಯಿಯ ದೊಡ್ಡ ಮಗಳು ಇನ್ನೂ ಶಿಬಿರದಲ್ಲೇ ಇದ್ದಾಳೆ. ಕಾಗದಪತ್ರವೆಲ್ಲ ಆಗಿತ್ತು. ಈ ತಾಯಿ ಗುರುವಾರ ತಪ್ಪಿಸುವುದಿಲ್ಲ. ಬಂದು ಹೊಲಿಯುತ್ತಾರೆ, ಮಾತು ಕಡಿಮೆ.

ಈಗ ನಿಮ್ಮಲ್ಲಿ ಒಂದು ಕೇಳಿಕೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರ ಕೌದಿಯ ಫೋಟೊ ಒಂದನ್ನು ನಾನು ಗುಂಪಿನಲ್ಲಿ ತೋರಿಸಿದೆ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ನಡುವಿಗೆ ಹೊಲಿಯುತ್ತಾ ಹೋಗುವುದು, ಮೂಲೆಗಳಲ್ಲಿ ಮಡಚಿದ ಬಟ್ಟೆಯ ಹೂವು ಇಡುವುದು. ಇಷ್ಟು ನನಗೆ ಗೊತ್ತು. ಆ ಹೂವನ್ನು ಹೇಗೆ ಮಡಚುತ್ತಾರೆ ಎಂದು ಕಂದಹಾರದ ಅಕ್ಕ ಪಟ್ಟು ಹಿಡಿದಿದ್ದಾರೆ. ಫೋಟೊದಲ್ಲಿ ಹಿಂಭಾಗ ಕಾಣುವುದಿಲ್ಲ, ಅದು ಬೇರೆ ದೂರು. ಆ ಕಡೆಯವರು ಯಾರಾದರೂ ಕೌದಿ ಹೊಲಿಯುವವರ ಬಳಿ ಹೋಗಿ, ಅವರು ಒಪ್ಪಿದರೆ, ಮೂಲೆ ಹೊಲಿಯುವುದನ್ನು ಹತ್ತಿರದಿಂದ ವಿಡಿಯೊ ಮಾಡಿ ಕಳಿಸುತ್ತೀರಾ? ಹಿಂದೆ-ಮುಂದೆ ಎರಡೂ ಕಾಣಬೇಕು. ಹೊಲಿದವರ ಹೆಸರು ಕೇಳಿ ಬರೆದುಕೊಳ್ಳಿ. ಅವರ ಅರ್ಧ ದಿನದ ಕೂಲಿಯನ್ನು ನಮ್ಮ ಗುಂಪು ಕೊಡುತ್ತದೆ, ಎಷ್ಟೆಂದು ಅವರೇ ಹೇಳಲಿ.