ಸೈಟಿನ ಕರಾರಿಗೆ ಮಾಲೀಕರು ತಪ್ಪಿದರೆ

ಮೈಸೂರಿನ ಬೋಗಾದಿ ಕಡೆ 30×40 ಸೈಟಿಗೆ 45 ಲಕ್ಷಕ್ಕೆ ಮಾತಾಗಿ, 5 ಲಕ್ಷ ಮುಂಗಡ ಕೊಟ್ಟು, ಮೂರು ತಿಂಗಳಲ್ಲಿ ನೋಂದಣಿ ಎಂದು ಕ್ರಯದ ಕರಾರು ಬರೆಸಿದ್ದೀರಿ ಅಂದುಕೊಳ್ಳಿ. ಅಷ್ಟರಲ್ಲಿ ರೇಟು ಏರಿತು. ‘ಮಗ ಒಪ್ಪುತ್ತಿಲ್ಲ, ಅಡ್ವಾನ್ಸ್ ವಾಪಸ್ ತಗೊಂಡ್ಬಿಡಿ ಸ್ವಾಮಿ’ ಎಂದು ಮಾಲೀಕರ ಫೋನು ಬರುತ್ತದೆ.

ಇಲ್ಲಿ ನಿಮಗೆ ಎರಡು ದಾರಿ. 1872ರ ಕರಾರು ಕಾಯ್ದೆಯ ಸೆಕ್ಷನ್ 39ರಂತೆ, ಗಡುವು ಮುಗಿಯುವ ಮೊದಲೇ ಕರಾರು ಮುಗಿಯಿತೆಂದು ಹೇಳಿ ಪರಿಹಾರ ಕೇಳಬಹುದು. ಅಂದು ಸೈಟಿನ ಬೆಲೆ 50 ಲಕ್ಷವಿದ್ದರೆ ವ್ಯತ್ಯಾಸದ 5 ಲಕ್ಷ, ಜೊತೆಗೆ ಕೊಟ್ಟ ಮುಂಗಡ. ಸೈಟೇ ಬೇಕಾದರೆ, ಬರೆಸಿಕೊಡಿ ಎಂದು ದಾವೆ ಹೂಡುವುದು ಎರಡನೆಯ ದಾರಿ. ಆಗ ಮುಂಗಡ ವಾಪಸ್ ಪಡೆಯಬೇಡಿ. ಪಡೆದರೆ ನೀವೂ ಕರಾರು ಕೈಬಿಟ್ಟಿರೆಂದು ಎದುರು ವಕೀಲರು ವಾದಿಸುವುದು ಖಚಿತ.

‘ತಪ್ಪಿದರೆ ಮುಂಗಡದ ಎರಡರಷ್ಟು’ ಎಂಬ ಷರತ್ತನ್ನು ನಂಬಿ ಕೂರುವವರೇ ಹೆಚ್ಚು. ಸೆಕ್ಷನ್ 74ರ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೆ. ಅದರೊಳಗೆ ನ್ಯಾಯವಾದದ್ದೆಷ್ಟೋ ಅಷ್ಟನ್ನು ಕೋರ್ಟು ಕೊಡಿಸುತ್ತದೆ.

ಸೈಟು ಬರೆಸಿಕೊಡಿ ಎನ್ನುವ ದಾವೆ ಹೆಚ್ಚಾಗಿ ಮುಗ್ಗರಿಸುವುದು ಬೇರೆ ಕಡೆ. ಬಾಕಿ 40 ಲಕ್ಷ ಕೊಡಲು ನೀವು ಕೊನೆಯವರೆಗೂ ಸಿದ್ಧರಿದ್ದಿರಿ, ಮನಸ್ಸೂ ಇತ್ತು ಎಂದು ರುಜುವಾಗಬೇಕು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 16(ಸಿ) ಕೇಳುವುದು ಇದನ್ನೇ. ಹಣವನ್ನು ಎದುರಿಗೆ ಎಣಿಸಿಡಬೇಕೆಂದೇನಿಲ್ಲ, ಆದರೆ ಬ್ಯಾಂಕ್ ಸ್ಟೇಟ್‌ಮೆಂಟು, ಸಾಲ ಮಂಜೂರಾತಿ ಪತ್ರ, ಎಫ್‌ಡಿ ರಸೀದಿ ಬೇಕು. ಆ ಮೂರು ತಿಂಗಳೂ ಖಾತೆಯಲ್ಲಿ ಎಂಟು ಸಾವಿರ ಮಾತ್ರ ಇದ್ದು, ಸಾಲದ ಅರ್ಜಿಯೂ ಹಾಕಿಲ್ಲವೆಂದರೆ ಎಷ್ಟು ದೊಡ್ಡ ವಕೀಲರಿದ್ದರೂ ಕಷ್ಟ. ಗಡುವಿನೊಳಗೇ ವಕೀಲರಿಂದ ನೋಟಿಸು ಕೊಡಿಸಿ: ‘ಇಂಥ ದಿನ ಹನ್ನೊಂದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬನ್ನಿ, ಬಾಕಿ ಹಣ ಸಿದ್ಧವಿದೆ.’ ನೋಟಿಸು ರಿಜಿಸ್ಟ್ರೇಷನ್ ಸೌಲಭ್ಯದ ಸ್ಪೀಡ್ ಪೋಸ್ಟ್‌ನಲ್ಲೇ ಹೋಗಲಿ, ತಲುಪಿದ ಪುರಾವೆ ಜೋಪಾನ.

ಕರಾರು ನೋಂದಣಿಯಾಗಿದ್ದರೆ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಕಾಣುತ್ತದೆ. ಬಿಳಿ ಹಾಳೆಯಲ್ಲೋ ಬರೀ ಛಾಪಾ ಕಾಗದದಲ್ಲೋ ಇದ್ದರೆ, ವಿಷಯ ತಿಳಿಯದೆ ಹಣ ಕೊಟ್ಟು ಕೊಂಡ ಮೂರನೆಯವರಿಗೆ ಕಾನೂನಿನ ರಕ್ಷಣೆ ಸಿಗುತ್ತದೆ. ಆಗ ಸೈಟು ಕೈತಪ್ಪಿದಂತೆಯೇ.

ದಾವೆಗೆ ಕಾಲಮಿತಿ ನೋಂದಣಿಗೆ ಗೊತ್ತು ಮಾಡಿದ ದಿನದಿಂದ ಮೂರು ವರ್ಷ. ಬ್ರೋಕರ್ ‘ಮುಂದಿನ ತಿಂಗಳು ಮಾಡಿಸೋಣ ಬಿಡಿ ಸಾರ್’ ಎಂದರೆ ಅದೇನೂ ಹಿಗ್ಗುವುದಿಲ್ಲ. ದಾವೆಯಲ್ಲೇ ‘ಸೈಟು ಸಿಗದಿದ್ದರೆ ಮುಂಗಡ ಬಡ್ಡಿಸಮೇತ ಕೊಡಿಸಿ’ ಎಂಬ ಪರ್ಯಾಯ ಕೋರಿಕೆಯನ್ನೂ ಬರೆಸಿ. ಕೇಳದಿದ್ದರೆ ಕೋರ್ಟು ಆ ಮುಂಗಡವನ್ನು ಕೊಡಿಸುವಂತಿಲ್ಲ, ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 22 ಹಾಗೆಂದೇ ಹೇಳುತ್ತದೆ.